ಅಘನಾಶಿನಿಯ ಅಳಿವೆಯ ಜನಜೀವನವೂ ಪಕ್ಷಿವೀಕ್ಷಣವೂ

ಆಶ್ವಯುಜವು ಕಳೆದು ಕಾರ್ತಿಕದ ಎಳೆಬಿಸಿಲು ಬೀಳತೊಡಗುವ ವೇಳೆಗೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಮ್ಮ ಜ್ಞಾನಭಾರತಿಯ ಬಯಲಿನಲ್ಲಿ ಪ್ರತಿವರ್ಷವೂ ಒಂದು ಸಣ್ಣ ಪಕ್ಷಿಯು ಬಂದಿಳಿಯುತ್ತದೆ. ಕಪ್ಪುಬಿಳುಪು ಬೆರೆತ ಮೈ, ಕ್ಷಣಕಾಲವೂ ನಿಲ್ಲದೆ ಮೇಲಕ್ಕೂ ಕೆಳಕ್ಕೂ ಆಡುತ್ತಿರುವ ಬಾಲ. ಸಂಸ್ಕೃತದಲ್ಲಿ ಇದಕ್ಕೆ ಖಂಜನವೆಂದು ಹೆಸರು. ಕನ್ನಡದ ಪುಸ್ತಕಗಳಲ್ಲಿ ಸಿಪಿಲೆ ಎಂದು ಬರೆದಿರುವರು. ವರಾಹಮಿಹಿರಾಚಾರ್ಯರು ಕ್ರಿಸ್ತಶಕ ಆರನೆಯ ಶತಮಾನದಲ್ಲಿ ರಚಿಸಿದ ಬೃಹತ್ಸಂಹಿತೆಯಲ್ಲಿ ಈ ಪುಟ್ಟ ಪಕ್ಷಿಗಾಗಿಯೇ ಒಂದು ಅಧ್ಯಾಯವು ಮೀಸಲಾಗಿದೆ. ವರ್ಷದಲ್ಲಿ ಮೊದಲಬಾರಿಗೆ ಖಂಜನವು ಎಲ್ಲಿ ಕಣ್ಣಿಗೆ ಬಿದ್ದಿತು, ಯಾವ ಎಡೆಯಲ್ಲಿ ಕುಳಿತಿತ್ತು ಎಂಬುದರ ಮೇಲೆ ಅಲ್ಲಿ ಶುಭಾಶುಭಗಳನ್ನು ನಿರ್ಣಯಿಸಿದೆ. ಶಕುನಫಲದಲ್ಲಿ ಇಂದಿನವರಿಗೆ ವಿಶ್ವಾಸವಿರಲಿ, ಇಲ್ಲದಿರಲಿ. ಆ ಅಧ್ಯಾಯದ ಹಿಂದೆ ವರ್ಷವರ್ಷವೂ ಹಕ್ಕಿಯ ಬರವನ್ನು ಕಾದು ನೋಡಿದ ಕಣ್ಣುಗಳು ಇದ್ದವೆಂಬುದು ಮಾತ್ರ ನಿಸ್ಸಂದೇಹವು.

ಆದರೂ ಪಕ್ಷಿವೀಕ್ಷಣವೆಂದೊಡನೆ ನಮ್ಮ ವಿದ್ಯಾವಂತರ ಮನಸ್ಸಿಗೆ ಬರುವುದು ಕೊರಳಿಗೆ ದುರ್ಬೀನನ್ನು ತೂಗಹಾಕಿಕೊಂಡು ಹೊರಟ ಪಟ್ಟಣಿಗನ ಚಿತ್ರವೇ. ಈ ಹವ್ಯಾಸವು ಇಂಗ್ಲಿಷ್ ಅಧಿಕಾರಿಗಳಿಂದ ನಮಗೆ ಬಂದುದೆಂದೂ, ಅದಕ್ಕೆ ಮುಂಚೆ ನಮ್ಮ ಹಳ್ಳಿಗರು ಹಕ್ಕಿಗಳನ್ನು ಕಂಡರೂ ಕಾಣದವರಂತೆ ಇದ್ದರೆಂದೂ ಅನೇಕರು ಭಾವಿಸಿರುವರು. ಈ ಭಾವನೆಯು ಎಷ್ಟು ತಪ್ಪಾದುದೆಂಬುದನ್ನು ನಮ್ಮ ನಾಡಿನ ಒಂದು ಕಡಲತೀರದ ಚರಿತ್ರೆಯಿಂದ ತೋರಿಸುವುದೇ ಈ ಲೇಖನದ ಉದ್ದೇಶವು. ಆ ತೀರದ ಮೀನುಗಾರನಿಗೆ ಹಕ್ಕಿಯನ್ನು ನೋಡುವುದು ವಿನೋದವಾಗಿರದೆ ಜೀವನೋಪಾಯವಾಗಿದ್ದಿತು. ಗ್ರಂಥಗಳಲ್ಲಿ ಅವನ ಹೆಸರಿಲ್ಲ. ಆ ಲೋಪದಲ್ಲಿ ನನ್ನದೂ ಒಂದು ಪಾಲುಂಟೆಂಬುದನ್ನು ಕೊನೆಯಲ್ಲಿ ನಿವೇದಿಸುವೆನು.

ಘಟ್ಟದ ಮೇಲಿನ ನಾನು ಕಡಲ ವಿಷಯವನ್ನು ಬರೆಯಹೊರಟಿರುವುದಕ್ಕೆ ಕಾರಣವನ್ನು ಹೇಳಬೇಕಷ್ಟೆ. ಸಂಸ್ಕೃತ ಪಾಠಶಾಲೆಯಲ್ಲಿ ಓದು ಮುಗಿಸಿ ಉಪಾಧ್ಯಾಯವೃತ್ತಿಗೆ ಸೇರಿದ ಹೊಸದರಲ್ಲಿ, ೧೯೮೪ರಿಂದ ಮೂರು ವರ್ಷಗಳ ಕಾಲ, ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಅಳಿವೆಯ ಬಳಿಯ ಒಂದು ಸಣ್ಣ ಊರಿನ ಶಾಲೆಯಲ್ಲಿ ನಾನು ಕೆಲಸ ಮಾಡಿದೆನು. ನದಿಯು ಸಮುದ್ರವನ್ನು ಕೂಡುವ ಸ್ಥಳಕ್ಕೆ ಆ ಕಡೆಯವರು ಅಳಿವೆ ಎನ್ನುವರು.

ಸ್ಥಳವೃತ್ತಾಂತ

ಅಘನಾಶಿನಿಯು ಶಿರಸಿಯ ಬಳಿ ಹುಟ್ಟಿ, ಸಹ್ಯಾದ್ರಿಯ ಕಾಡುಗಳಲ್ಲಿ ಹರಿದು, ಉಂಚಳ್ಳಿಯಲ್ಲಿ ೧೧೬ ಮೀಟರುಗಳಷ್ಟು ಎತ್ತರದಿಂದ ಧುಮುಕಿ, ಕುಮಟೆಗೂ ಗೋಕರ್ಣಕ್ಕೂ ನಡುವೆ ಪಡುವಣ ಕಡಲನ್ನು ಸೇರುತ್ತದೆ. ಅಳಿವೆಯ ತೆಂಕಣ ದಡದಲ್ಲಿ ಅಘನಾಶಿನಿಯೆಂಬುದೇ ಹೆಸರಾದ ಗ್ರಾಮವೂ ಬಡಗಣ ದಡದಲ್ಲಿ ತದಡಿಯೂ ಇರುವುವು. ಈ ನದಿಗೆ ದೊಡ್ಡ ಅಣೆಕಟ್ಟನ್ನು ಎಲ್ಲಿಯೂ ಕಟ್ಟಿಲ್ಲವಾದ ಕಾರಣ ಘಟ್ಟದ ಮಣ್ಣೂ ಎಲೆಗೊಬ್ಬರವೂ ಇಂದಿಗೂ ತಡೆಯಿಲ್ಲದೆ ಅಳಿವೆಗೆ ಬಂದು ಸೇರುವುವು. ಸಿಹಿನೀರೂ ಉಪ್ಪುನೀರೂ ಕೂಡುವ ಆ ಕೆಸರಿನಲ್ಲಿ ಹುಳುಗಳೂ ಸೀಗಡಿಗಳೂ ಚಿಪ್ಪಿನ ಜೀವಿಗಳೂ ಹೇರಳವಾಗಿ ಬೆಳೆಯುವುವು. ಅಲ್ಲಿನ ಜನರಿಗೂ ಹಕ್ಕಿಗಳಿಗೂ ಈ ಕೆಸರೇ ಅನ್ನದ ಮೂಲವು.

ರಾಜಕೀಯ ಚರಿತ್ರೆಯಲ್ಲಿ ಈ ತೀರವು ಅಪ್ರಸಿದ್ಧವೇನೂ ಅಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನು ಸಮೀಪದ ಹೊನ್ನಾವರಕ್ಕೆ ಬಂದಿದ್ದನು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಅಘನಾಶಿನಿಯ ದಡದ ಮಿರ್ಜಾನ ಕೋಟೆಯು ಆ ಕಾಲದ ವ್ಯಾಪಾರವನ್ನು ಇಂದಿಗೂ ನೆನಪಿಗೆ ತರುತ್ತದೆ. ೧೭೯೯ರಲ್ಲಿ ಇಂಗ್ಲಿಷರ ಕೈಸೇರಿದ ಕನ್ನಡ ಜಿಲ್ಲೆಯ ಉತ್ತರಭಾಗವು ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿ, ೧೯೫೬ನೆಯ ನವೆಂಬರ್ ೧ರಂದು ಮಿಕ್ಕ ಕನ್ನಡನಾಡಿನೊಡನೆ ಒಂದಾಯಿತು. ೧೭೯೯ರಿಂದ ಅದುವರೆಗೆ ಮೈಸೂರು ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ನಮ್ಮ ಕಡೆಯ ಮನೆತನಗಳಿಗೆ ಸಮುದ್ರದ ನುಡಿಯು ಪರಿಚಯವಿಲ್ಲದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಈ ರಾಜರೂ ಸರ್ಕಾರಗಳೂ ಬದಲಾದಾಗಲೆಲ್ಲ ಕರಾವಳಿಯ ಸಾಮಾನ್ಯನು ಬೆಳಗಾಗೆದ್ದು ಏನು ಮಾಡುತ್ತಿದ್ದನು ಎಂಬುದನ್ನು ಮಾತ್ರ ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ.

ಊರಿನ ದಿನಚರಿ

ಆ ಊರಿನಲ್ಲಿ ಗಡಿಯಾರಕ್ಕಿಂತ ನೀರಿಗೆ ಹೆಚ್ಚಿನ ಅಧಿಕಾರವಿದ್ದಿತು. ದಿನಕ್ಕೆರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಇಂದಿನ ಉಬ್ಬರಕ್ಕಿಂತ ನಾಳೆಯದು ಸುಮಾರು ಎರಡು ಘಳಿಗೆ ತಡವಾಗಿ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಬಹಳ ಮೇಲೇರಿ ಬಹಳ ಕೆಳಗಿಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅದರ ಏರಿಳಿತವು ಮಂದವಾಗಿರುತ್ತದೆ. ತಿಥಿಯನ್ನು ಹೇಳಿದರೆ ನೀರಿನ ವೇಳೆಯನ್ನು ಬೆರಳೆಣಿಕೆಯಿಂದ ಹೇಳಬಲ್ಲ ಹೆಂಗಸರು ಆ ಊರಿನಲ್ಲಿದ್ದರು. ಪಂಚಾಂಗವನ್ನು ಪಾಠಶಾಲೆಯಲ್ಲಿ ಕಲಿತಿದ್ದ ನನಗೆ, ತಿಥಿಯೆಂಬುದು ಶ್ರಾದ್ಧಕ್ಕೂ ವ್ರತಕ್ಕೂ ಮಾತ್ರವಲ್ಲದೆ ಹೊಟ್ಟೆಪಾಡಿಗೂ ಬೇಕಾದುದೆಂದು ತಿಳಿದುದು ಅಲ್ಲಿಯೇ.

ನೀರಿಳಿದೊಡನೆ ಗಂಡಸರೂ ಹೆಂಗಸರೂ ಬುಟ್ಟಿಗಳನ್ನು ಹಿಡಿದು ಬಳಚು ತೆಗೆಯಲು ಅಳಿವೆಗೆ ಇಳಿಯುತ್ತಿದ್ದರು. ಬಳಚೆಂದರೆ ಕೆಸರುಮರಳಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ. ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ಪಾದದಿಂದ ತಡಕಿ ಅದನ್ನು ಕಂಡುಹಿಡಿಯುವರು. ಅದೇ ಕೆಸರಿನಲ್ಲಿ, ಅದೇ ವೇಳೆಯಲ್ಲಿ, ಹಕ್ಕಿಗಳೂ ತಮ್ಮ ತುತ್ತನ್ನು ಹುಡುಕುತ್ತಿದ್ದುವು. ಬಾಗಿದ ಉದ್ದಕೊಕ್ಕಿನ ಗೊರವವು ಆಳದ ಹುಳುವನ್ನು ಎಳೆಯುತ್ತದೆ. ಗಿಡ್ಡಕೊಕ್ಕಿನ ಸಣ್ಣ ಗೊರವಗಳು ಮೇಲ್ಮೈಯಲ್ಲಿ ಕಂಡುದನ್ನು ಓಡಿಹೋಗಿ ಹೆಕ್ಕುತ್ತವೆ. ಬೆಳ್ಳಕ್ಕಿಯು ಮೊಣಕಾಲುದ್ದದ ನೀರಿನಲ್ಲಿ ಮೀನಿಗಾಗಿ ನಿಲ್ಲುತ್ತದೆ. ಒಂದರ ಪಾಲನ್ನು ಇನ್ನೊಂದು ಕಸಿಯದಂತೆ ಕೊಕ್ಕಿನ ಅಳತೆಯೇ ಅಲ್ಲಿ ಹಿಸ್ಸೆ ಮಾಡಿಕೊಟ್ಟಿದೆ. ಸಣ್ಣ ಹಕ್ಕಿಗಳ ಸಾಲು ಎಲ್ಲಿ ಓಡಾಡುತ್ತಿದೆಯೋ ಅಲ್ಲಿಯೇ ನೀರಿನ ಅಂಚು ಎಂದು ಹೆಂಗಸರು ದೂರದಿಂದಲೇ ತಿಳಿಯುವರು. ಅವು ಗುಂಪಾಗಿ ಎದ್ದು ದಿಬ್ಬದ ಕಡೆಗೆ ಹಾರತೊಡಗಿದರೆ ನೀರು ತಿರುಗಿತೆಂದು ಅರ್ಥ. ಮಕ್ಕಳನ್ನು ಕೂಗಿ ಕರೆಯುವರು.

ಈ ಹಕ್ಕಿಗಳಲ್ಲಿ ಬಹಳಷ್ಟು ಪರದೇಶದವು. ಕಂದುದಲೆಯ ಕಡಲಕ್ಕಿಗಳು ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಮರಿಮಾಡುವುವು. ಅಲೆಯ ಹಿಂದೆಯೇ ಓಡಿ ಅಲೆಯ ಮುಂದೆಯೇ ಹಿಂತಿರುಗುವ ಬೆಳ್ಳನೆಯ ಪುಟ್ಟ ಹಕ್ಕಿಗಳು ಉತ್ತರಧ್ರುವದ ಸಮೀಪದ ಹಿಮಭೂಮಿಯಲ್ಲಿ ಹುಟ್ಟಿದವು. ನವರಾತ್ರಿಯ ಹೊತ್ತಿಗೆ ಬಂದು ಚೈತ್ರ ವೈಶಾಖಗಳಲ್ಲಿ ಅವು ಹೊರಟುಹೋಗುವುವು. ಶ್ರಾವಣದ ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿಯನ್ನು ಅರ್ಪಿಸಿ ದೋಣಿಯನ್ನು ಮತ್ತೆ ನೀರಿಗಿಳಿಸುವ ಮೀನುಗಾರನಿಗೆ, ಹಕ್ಕಿಗಳು ಬಂದವೆಂದರೆ ಕಡಲು ಶಾಂತವಾಯಿತು, ಬಂಗಡೆಯ ಕಾಲವು ಹತ್ತಿರವಾಯಿತು ಎಂದು ಭರವಸೆ. ಆಷಾಢದ ಬಿರುಗಾಳಿಯಲ್ಲಿ ನಡುಗಡಲಿನ ಅಪರೂಪದ ಹಕ್ಕಿಯೊಂದು ರೆಕ್ಕೆಸೋತು ದಡದಲ್ಲಿ ಬಿದ್ದಿದ್ದರೆ, ಅದನ್ನು ನೋಡಿಯೇ ಹೊರಗಡಲಿನ ಸ್ಥಿತಿಯನ್ನು ಊಹಿಸುತ್ತಿದ್ದರು.

ಅಳಿವೆಯ ಒಳಗಿನ ಹಿನ್ನೀರಿನಲ್ಲಿ ಗಜನಿ ಭೂಮಿಗಳಿವೆ. ಬೆಂಗಳೂರಿನಲ್ಲಿ ಕಗ್ಗವೆಂದರೆ ಡಿ. ವಿ. ಗುಂಡಪ್ಪನವರ ೧೯೪೩ರ ಕಾವ್ಯವು ನೆನಪಾಗುವುದು. ಅಲ್ಲಿ ಕಗ್ಗವೆಂದರೆ ಉಪ್ಪುನೀರನ್ನು ತಾಳಿಕೊಳ್ಳುವ ಎತ್ತರದ ಭತ್ತದ ತಳಿ. ಮುಂಗಾರಿನ ಮಳೆಯು ಗಜನಿಯ ಉಪ್ಪನ್ನು ತೊಳೆದ ಮೇಲೆ ಮೊಳಕೆಬಂದ ಬೀಜವನ್ನು ಬಿತ್ತುವರು. ಗೊಬ್ಬರವಿಲ್ಲ, ಔಷಧವಿಲ್ಲ. ಕಾರ್ತಿಕದ ಹೊತ್ತಿಗೆ ತೆನೆಯನ್ನು ಮಾತ್ರ ಕೊಯ್ದು ದಂಟನ್ನು ನೀರಿನಲ್ಲಿಯೇ ಬಿಡುವರು. ಅನಂತರ ಕಟ್ಟೆಯ ಹಲಗೆಬಾಗಿಲನ್ನು ತೆರೆದರೆ ಉಬ್ಬರದೊಡನೆ ಮೀನುಮರಿಗಳೂ ಸೀಗಡಿಮರಿಗಳೂ ಒಳಬಂದು, ಕೊಳೆತ ದಂಟಿನ ಆಶ್ರಯದಲ್ಲಿ ಬೆಳೆಯುವುವು. ಉದುರಿದ ಕಾಳಿಗೆ ಬಾತುಗಳು, ಮೀನಿಗೆ ನೀರುಕಾಗೆ, ಮಿಂಚುಳ್ಳಿ, ಬೆಳ್ಳಕ್ಕಿಗಳು. ಹಕ್ಕಿಗಳ ಹಿಕ್ಕೆಯೇ ಮುಂದಿನ ಬೆಳೆಗೆ ಗೊಬ್ಬರವು. ಆಚೆಯ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳು. ಬೇಸಗೆಯಲ್ಲಿ ಆ ಮಡಿಗಳ ಆಳವಿಲ್ಲದ ನೀರಿನಲ್ಲಿ ನಿಲ್ಲುವ ಉದ್ದಕಾಲಿನ ಹಕ್ಕಿಗಳನ್ನು ಉಪ್ಪು ಗೋರುವವರು ಓಡಿಸಿದುದನ್ನು ನಾನು ಕಂಡಿಲ್ಲ. ಒಂದೇ ನೆಲವು ಒಂದು ಋತುವಿನಲ್ಲಿ ಗದ್ದೆ, ಇನ್ನೊಂದು ಋತುವಿನಲ್ಲಿ ಮೀನಿನ ಕೆರೆ, ಮೂರನೆಯದಾಗಿ ಪಕ್ಷಿಗಳ ಛತ್ರ; ಇದನ್ನು ಏರ್ಪಡಿಸಿದವರು ಯಾವ ಇಲಾಖೆಯವರೂ ಅಲ್ಲ, ಊರಿನ ರೈತರೇ.

ರಂಪಣಿಯ ಕಾಲದ ಪಕ್ಷಿವೀಕ್ಷಕ

ಇನ್ನು ಪ್ರಕೃತ ವಿಷಯದ ತಿರುಳಿಗೆ ಬರುವೆನು. ಉತ್ತರ ಕನ್ನಡದ ತೀರದಲ್ಲಿ ಬಹುಕಾಲ ನಡೆದ ದೊಡ್ಡ ಮೀನುಗಾರಿಕೆಯು ರಂಪಣಿ ಬಲೆಯದು. ಅನೇಕ ಮನೆಗಳವರು ತಮ್ಮ ತಮ್ಮ ಬಲೆಯ ತುಂಡುಗಳನ್ನು ತಂದು ಜೋಡಿಸಿದ ಭಾರಿ ಬಲೆಯನ್ನು ದೋಣಿಯಿಂದ ಅರ್ಧಚಂದ್ರಾಕಾರವಾಗಿ ಕಡಲಿಗೆ ಬಿಟ್ಟು, ಎರಡು ತುದಿಗಳ ಹಗ್ಗಗಳನ್ನು ಹಲವು ಹತ್ತು ಜನರು ದಡದಿಂದ ಎಳೆಯುವರು. ಬಂದ ಬಂಗಡೆ ತಾರ್ಲೆಗಳನ್ನು ಬಲೆಯ ಪಾಲಿಗೂ ದುಡಿಮೆಯ ಪಾಲಿಗೂ ತಕ್ಕಂತೆ ಹಂಚಿಕೊಳ್ಳುವರು. ಆದರೆ ಬಲೆಯನ್ನು ಯಾವಾಗ, ಎಲ್ಲಿ ಬಿಡಬೇಕು? ಬಲೆಯು ಬರಿದಾಗಿ ಬಂದರೆ ಇಡೀ ಊರಿನ ಒಂದು ದಿನದ ಶ್ರಮವು ವ್ಯರ್ಥವು. ಆದಕಾರಣ ಎತ್ತರದ ಸ್ಥಳದಲ್ಲಿ ನಿಂತು ಮೀನಿನ ಹಿಂಡನ್ನು ಗುರುತಿಸುವ ಒಬ್ಬ ಅನುಭವಸ್ಥನ ಮೇಲೆ ಎಲ್ಲರೂ ಅವಲಂಬಿಸಿದ್ದರು. ಅವನು ನೀರಿನ ಬಣ್ಣವನ್ನು ನೋಡುವನು, ಹಕ್ಕಿಗಳನ್ನು ನೋಡುವನು.

ಅಂಥ ಒಬ್ಬ ಮುದುಕನ ಪರಿಚಯವು ನನಗೆ ಲಭಿಸಿದ ಬಗೆಯು ನನಗೆ ಗೌರವ ತರುವಂಥದಲ್ಲ. ಒಂದು ದಿನ ತರಗತಿಯಲ್ಲಿ ಪಂಚತಂತ್ರದ ಟಿಟ್ಟಿಭದ ಕಥೆಯನ್ನು ಹೇಳುತ್ತಿದ್ದೆನು. ಸಮುದ್ರತೀರದಲ್ಲಿ ಟಿಟ್ಟಿಭ ದಂಪತಿಗಳು ಮೊಟ್ಟೆಯಿಡುವುವು; ಗರ್ವಿಷ್ಠನಾದ ಸಮುದ್ರನು ಅವನ್ನು ಕೊಚ್ಚಿಕೊಂಡು ಹೋಗುವನು; ಹಕ್ಕಿಗಳೆಲ್ಲವೂ ಸೇರಿ ಗರುಡನ ಮೊರೆಹೊಗುವುವು; ಕೊನೆಗೆ ಮಹಾವಿಷ್ಣುವಿಗೆ ಹೆದರಿ ಸಮುದ್ರನು ಮೊಟ್ಟೆಗಳನ್ನು ಹಿಂದಿರುಗಿಸುವನು. ಕಥೆಯ ನಡುವೆ ಐದನೆಯ ತರಗತಿಯ ಹುಡುಗನೊಬ್ಬನು ನಕ್ಕನು. ಕಾರಣವನ್ನು ಕೇಳಲು ಎದ್ದುನಿಂತು, "ಮಾಸ್ತರ್ರೇ, ನೀರು ಬರೂ ಜಾಗದಲ್ಲಿ ಆ ಹಕ್ಕಿ ಮೊಟ್ಟೆ ಇಡೂದಿಲ್ಲ" ಎಂದನು. ಶಾಸ್ತ್ರವಾಕ್ಯಕ್ಕೆ ಎದುರಾಡಿದನೆಂದು ಅವನನ್ನು ಗಂಟೆಯಾಗುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆನು.

ಮರುದಿನ ಆ ಹುಡುಗನ ಅಜ್ಜನು ಶಾಲೆಯ ಬಾಗಿಲಿಗೆ ಬಂದನು. ಜಗಳಕ್ಕೆ ಬಂದನೆಂದು ನಾನು ಅಂದುಕೊಂಡೆನು. ಆತನು ಕೈಮುಗಿದು, "ಹುಡುಗನಿಗೆ ಬುದ್ಧಿ ಹೇಳಿದ್ದು ಸರಿ ಮಾಸ್ತರ್ರೇ, ಆದರೆ ರಜಾದಿವಸ ನನ್ನ ಸಂಗಡ ಒಂದು ಸಲ ಬನ್ನಿ" ಎಂದಷ್ಟೇ ಹೇಳಿದನು. ಭಾನುವಾರ ಹೋದೆನು. ಗಜನಿಯ ಆಚೆಯ ಒಣನೆಲದಲ್ಲಿ, ಉಬ್ಬರವು ತಂದುಹಾಕಿದ ಕಸಕಡ್ಡಿಗಳ ಗೆರೆಯಿಂದ ಹತ್ತಾರು ಮಾರು ದೂರದಲ್ಲಿ, ಸಣ್ಣ ಕಲ್ಲುಗಳ ನಡುವೆ ಆತನು ಬೆರಳುಮಾಡಿ ತೋರಿಸಿದನು. ಬಹಳ ಹೊತ್ತು ನನಗೆ ಕಲ್ಲುಗಳೇ ಕಂಡುವು. ಆಮೇಲೆ ಅವುಗಳಲ್ಲಿ ನಾಲ್ಕು ಮೊಟ್ಟೆಗಳೆಂದು ತಿಳಿಯಿತು. ತಲೆಯ ಮೇಲೆ ತಾಯಿಹಕ್ಕಿಯು ಕೂಗುತ್ತ ಸುತ್ತುತ್ತಿದ್ದಿತು. "ಇದು ನೀರಿನ ಗೆರೆಯನ್ನು ಬಲ್ಲದು. ಗೆರೆ ದಾಟಿ ಮೊಟ್ಟೆ ಇಡೂದಿಲ್ಲ. ಸಮುದ್ರವೇ ಗೆರೆ ದಾಟಿದರೆ ಅದಕ್ಕೆ ಹಕ್ಕಿ ಏನು ಮಾಡೀತು?" ಎಂದನು.

ಮನೆಗೆ ಬಂದು ಪಂಚತಂತ್ರವನ್ನು ಮತ್ತೆ ತೆರೆದು ನೋಡಿದೆನು. ಹುಣ್ಣಿಮೆಯ ದಿನ ಇಲ್ಲಿ ನೀರೇರುವುದೆಂದು ಹೆಣ್ಣುಹಕ್ಕಿಯು ಗಂಡನಿಗೆ ಮೊದಲೇ ಎಚ್ಚರಿಸಿದ ಮಾತು ಕಥೆಯಲ್ಲಿಯೇ ಇದ್ದಿತು. ಎಷ್ಟೋ ಸಲ ಬಾಯಿಪಾಠವಾಗಿ ಹೇಳಿದ್ದರೂ ನಾನು ಅದರ ಅರ್ಥವನ್ನು ಗ್ರಹಿಸಿರಲಿಲ್ಲ. ಕಥೆಯನ್ನು ಕಟ್ಟಿದವನು ಉಬ್ಬರವನ್ನೂ ಹಕ್ಕಿಯನ್ನೂ ಕಣ್ಣಾರೆ ಕಂಡವನೇ ಆಗಿರಬೇಕು. ಹುಡುಗನೂ ಸರಿ, ಗ್ರಂಥವೂ ಸರಿ. ನಡುವೆ ನಿಂತಿದ್ದ ಉಪಾಧ್ಯಾಯನೊಬ್ಬನೇ ಏನನ್ನೂ ಕಾಣದವನು. ಸೋಮವಾರ ತರಗತಿಯಲ್ಲಿ ಆ ಹುಡುಗನಿಂದಲೇ ಟಿಟ್ಟಿಭದ ಪಾಠವನ್ನು ಹೇಳಿಸಿದೆನು.

ಅಂದಿನಿಂದ ಆ ಮುದುಕನೊಡನೆ ಸಂಜೆಯ ಹೊತ್ತು ಕಡಲತೀರದ ಗುಡ್ಡವನ್ನೇರಿ ಕುಳಿತುಕೊಳ್ಳುವುದು ನನಗೆ ಅಭ್ಯಾಸವಾಯಿತು. ಯೌವನದಲ್ಲಿ ಆತನೇ ರಂಪಣಿಗೆ ಮೀನು ಗುರುತಿಸುವವನಾಗಿದ್ದನು. ರೀವಗಳು ಮೇಲಿನಿಂದ ತಲೆಕೆಳಗಾಗಿ ನೀರಿಗೆ ಬೀಳುತ್ತ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಹಿಂಡು ಚಲಿಸುತ್ತಿದೆ, ಅದರ ಮುಂದೆ ಬಲೆ ಬಿಡಬೇಕು. ಅವು ಸುಮ್ಮನೆ ತೇಲಾಡಿ ನೀರನ್ನು ಕೊಕ್ಕಿನಿಂದ ಮುಟ್ಟಿ ಏಳುತ್ತಿದ್ದರೆ ಅಲ್ಲಿರುವುದು ಬರಿಯ ಪುಡಿಮೀನು. ಗರುಡಗಳೂ ಕಾಗೆಗಳೂ ಮಾತ್ರ ಕೂಡಿದ್ದರೆ ಯಾರೋ ಎಸೆದ ಕಸ, ದೋಣಿಯನ್ನು ಹೊರಡಿಸಬೇಡ. ಹೀಗೆ ಆತನು ಹೇಳುತ್ತ ಹೋಗುವನು. ಎತ್ತರದ ಮರದಲ್ಲಿ ವರ್ಷವರ್ಷವೂ ಅದೇ ಗೂಡಿಗೆ ಕಡ್ಡಿಗಳನ್ನು ಸೇರಿಸುತ್ತಿದ್ದ ಬಿಳಿಹೊಟ್ಟೆಯ ಕಡಲಹದ್ದಿನ ಜೋಡಿಯನ್ನು ಮನೆಯವರನ್ನು ಕುರಿತಂತೆ ಮಾತಾಡುವನು. ನಾನು ಒಂದು ನೋಟುಪುಸ್ತಕವನ್ನು ಇಟ್ಟುಕೊಂಡು ಇವನ್ನೆಲ್ಲ ಬರೆದುಕೊಂಡೆನು.

ಅಧಿಕಾರಿಗಳ ಗ್ರಂಥಗಳು

ಈಗ ಇಂಗ್ಲಿಷ್ ಅಧಿಕಾರಿಗಳ ವಿಚಾರ. ಅವರ ಪರಿಶ್ರಮವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಎ. ಓ. ಹ್ಯೂಮ್ ಮಹಾಶಯನು ಹಿಂದೂದೇಶದ ಪಕ್ಷಿಗಳಿಗಾಗಿಯೇ ಒಂದು ಪತ್ರಿಕೆಯನ್ನು ನಡೆಯಿಸಿದನು. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಅವನು ಅದೇ ೧೮೮೫ರಲ್ಲಿ ತನ್ನ ಸುಮಾರು ೮೨,೦೦೦ ಪಕ್ಷಿಚರ್ಮ ಮತ್ತು ಮೊಟ್ಟೆಗಳ ಸಂಗ್ರಹವನ್ನು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟನು. ೧೮೮೩ರಲ್ಲಿ ಮುಂಬಯಿಯಲ್ಲಿ ಪ್ರಕೃತಿಚರಿತ್ರೆಯ ಸಂಘವು ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬನಾದ ಇ. ಎಚ್. ಏಟ್ಕನ್ ಎಂಬುವನು ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿಯಾಗಿ ಉತ್ತರ ಕನ್ನಡದಲ್ಲಿಯೂ ಇದ್ದನು. 'ಏಹ' ಎಂಬ ಅಂಕಿತದಿಂದ ಹಾಸ್ಯಮಿಶ್ರಿತವಾದ ಪ್ರಕೃತಿಲೇಖನಗಳನ್ನು ಬರೆದು ೧೯೦೦ರಲ್ಲಿ ಮುಂಬಯಿಯ ಸಾಮಾನ್ಯ ಪಕ್ಷಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಜಿಲ್ಲೆಯ ಕಲೆಕ್ಟರನಾಗಿದ್ದ ಜೆ. ಡೇವಿಡ್‌ಸನ್ ಎಂಬುವನು ಉತ್ತರ ಕನ್ನಡದ ಪಕ್ಷಿಗಳ ವಿವರವಾದ ಪಟ್ಟಿಯನ್ನು ೧೮೯೮ರಲ್ಲಿ ಆ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದನು. ಈ ಇಬ್ಬರೂ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ಲನೊಡನೆ ಸೇರಿ ಜಿಲ್ಲೆಯ ಚಿಟ್ಟೆಗಳನ್ನೂ ವರ್ಣಿಸಿದರು. ಮುಂದೆ ಸಲೀಂ ಅಲಿಯವರು ೧೯೩೯-೪೦ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಪರಿಶೋಧಿಸಿದರು. ೧೯೪೧ರಲ್ಲಿ ಅವರ ಪಕ್ಷಿಗ್ರಂಥವು ಹೊರಬಂದ ಮೇಲೆ ಈ ವಿದ್ಯೆಯು ಸಾಮಾನ್ಯ ಓದುಗರಿಗೂ ದೊರೆಯಿತು.

ಇವೆಲ್ಲವೂ ಅಮೂಲ್ಯವಾದ ಕೃತಿಗಳು. ಆದರೆ ಜಮಾಬಂದಿಯ ನಡುವೆ ಬಿಡುವು ಮಾಡಿಕೊಂಡ ಕಲೆಕ್ಟರನು ತಾನೇ ಎಲ್ಲ ಮರಗಳನ್ನೂ ಹತ್ತಿರಲಾರನು, ಎಲ್ಲ ದೋಣಿಗಳನ್ನೂ ನಡೆಸಿರಲಾರನು. ಗೂಡು ಎಲ್ಲಿದೆ, ಹಕ್ಕಿಯು ಯಾವ ತಿಂಗಳಲ್ಲಿ ಬರುತ್ತದೆ ಎಂಬುದನ್ನು ತಿಳಿದ ಸ್ಥಳೀಯನೊಬ್ಬನು ದಾರಿ ತೋರಿಸಿಯೇ ಇರಬೇಕು. ಆ ಕಾಲದ ಪಟ್ಟಿಗಳ ಪದ್ಧತಿಯಲ್ಲಿ ಹಕ್ಕಿಯ ಲ್ಯಾಟಿನ್ ಹೆಸರಿಗೆ ಸ್ಥಳವಿದ್ದಿತು, ಗುಂಡುಹೊಡೆದವನ ಹೆಸರಿಗೆ ಸ್ಥಳವಿದ್ದಿತು. ದಾರಿ ತೋರಿಸಿದವನಿಗೆ ಇರಲಿಲ್ಲ.

ಕಾಲಪರಿವರ್ತನೆ

ನಾನು ಆ ಊರಿಗೆ ಹೋಗುವ ಹೊತ್ತಿಗೆ ರಂಪಣಿಯು ಹೆಚ್ಚುಕಡಿಮೆ ನಿಂತುಹೋಗಿ ಕೆಲವೇ ವರ್ಷಗಳಾಗಿದ್ದುವು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಕರ್ನಾಟಕದ ಕರಾವಳಿಗೆ ಬಂದ ಪರ್ಸೀನ್ ಬೋಟುಗಳು ಮೀನು ದಡಕ್ಕೆ ಬರುವುದಕ್ಕೆ ಮುಂಚೆಯೇ ಹಿಂಡನ್ನು ಸುತ್ತುವರಿದು ಹಿಡಿಯತೊಡಗಿದುವು. ರಂಪಣಿಯವರು ಪ್ರತಿಭಟಿಸಿದರು, ಆದರೆ ಕಾಲವು ಅವರ ಪಕ್ಷದಲ್ಲಿರಲಿಲ್ಲ. ಬಲೆಗಳು ಮಾಡಿನಲ್ಲಿ ತೂಗುಬಿದ್ದುವು. ಅದಕ್ಕೆ ಮುಂಚೆ ಇಡೀ ಊರು ಯಾವ ಮುದುಕನ ಕೈಸನ್ನೆಗಾಗಿ ಕಾಯುತ್ತಿದ್ದಿತೋ ಆತನನ್ನು ಈಗ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಆತನು ನನ್ನಂಥ ಪರಊರಿನವನಿಗೆ ಅಷ್ಟು ತಾಳ್ಮೆಯಿಂದ ಹಕ್ಕಿಗಳನ್ನು ತೋರಿಸಿದುದಕ್ಕೆ ಇದೇ ಕಾರಣವೆಂದು ಈಗ ತೋರುತ್ತದೆ.

ಗಜನಿಗಳಲ್ಲಿಯೂ ಬದಲಾವಣೆಯಾಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶಾಶ್ವತವಾದ ಕಟ್ಟೆಗಳು ಬಂದುವು. ಕೆಲವೆಡೆ ಊರಿನವರು ಕೂಡಿ ನಡೆಸುತ್ತಿದ್ದ ವ್ಯವಸಾಯವು ಸಡಿಲವಾಗಿ ಸೀಗಡಿ ಸಾಕಣೆಗೆ ದಾರಿಯಾಯಿತು. ಮಾಣಿಕಟ್ಟೆ ಮೊದಲಾದ ಊರುಗಳ ರೈತರು ಕಗ್ಗದ ಬೀಜವನ್ನು ಉಳಿಸಿಕೊಂಡಿರುವುದು ಸ್ತುತ್ಯವಾದ ಕಾರ್ಯವು. ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ ಭಾರಿ ವಿದ್ಯುತ್ ಸ್ಥಾವರವನ್ನು ಸ್ಥಾಪಿಸಬೇಕೆಂಬ ಯೋಜನೆಯು ಹುಟ್ಟಿ, ಜನರ ವಿರೋಧದಿಂದ ಕೈಬಿಟ್ಟುಹೋಯಿತು. ೨೦೨೪ನೆಯ ಜನವರಿಯಲ್ಲಿ ಅಘನಾಶಿನಿಯ ಅಳಿವೆಯ ೪,೮೦೧ ಹೆಕ್ಟೇರುಗಳು ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದುವು. ಅಂಕಸಮುದ್ರ, ಮಾಗಡಿ ಕೆರೆಗಳೂ ಅದರೊಡನೆಯೇ ಸೇರಿದುವು. ಈಗ ಮಾಘಮಾಸದಲ್ಲಿ ಅಳಿವೆಗೆ ಹೋದರೆ ದುರ್ಬೀನು ಹಿಡಿದ ತರುಣರನ್ನು ಕಾಣಬಹುದು. ಅವರ ಆಸಕ್ತಿಯು ಮೆಚ್ಚತಕ್ಕದ್ದೇ.

ಕೆಲವು ವರ್ಷಗಳ ಹಿಂದೆ ತದಡಿಯ ಬಂದರಿನಲ್ಲಿ, ನಾನು ಬೆಂಚಿನ ಮೇಲೆ ನಿಲ್ಲಿಸಿದ್ದ ಆ ಹುಡುಗನನ್ನು ಕಂಡೆನು. ತಲೆ ನರೆತಿದ್ದಿತು; ಪರ್ಸೀನ್ ಬೋಟಿನಲ್ಲಿ ದುಡಿಯುತ್ತಿದ್ದನು. ಹಕ್ಕಿಗಳನ್ನು ನೋಡುವುದುಂಟೇ ಎಂದು ಕೇಳಿದೆನು. "ಈಗ ಬೋಟಿನಲ್ಲಿ ಮೀನು ತೋರಿಸೂ ಯಂತ್ರ ಉಂಟು ಮಾಸ್ತರ್ರೇ. ಆಕಾಶ ನೋಡೂ ಕೆಲಸ ಇಲ್ಲ. ಹಕ್ಕಿ ನೋಡೂದು ಪೇಟೆಯಿಂದ ಬಂದವರ ಕೆಲಸ" ಎಂದು ನಕ್ಕನು. ಆ ನಗುವು ಐದನೆಯ ತರಗತಿಯದೇ ಆಗಿದ್ದಿತು.

ಲೇಖಕನ ನಿವೇದನೆ

ರಾಮ್ಸಾರ್ ಸುದ್ದಿಯು ಬಂದಾಗ ನಾನು ಹಳೆಯ ಪೆಟ್ಟಿಗೆಯನ್ನು ತೆರೆದು ಆ ನೋಟುಪುಸ್ತಕವನ್ನು ಹುಡುಕಿ ತೆಗೆದೆನು. ಕರಾವಳಿಯ ಹಕ್ಕಿಗಳ ಹೆಸರುಗಳನ್ನು ಜೋಡಿಸಿ ಒಂದು ಲೇಖನವನ್ನು ಬರೆಯಬೇಕೆಂಬುದು ನನ್ನ ಉದ್ದೇಶವಾಗಿದ್ದಿತು. ಒಂದು ಪುಟದಲ್ಲಿ ಹೀಗೆ ಬರೆದಿದ್ದೆನು: ಗಾಳಿಯಲ್ಲಿ ಒಂದೆಡೆ ರೆಕ್ಕೆಬಡಿದು ನಿಲ್ಲುತ್ತದೆ, ಕಾಲುಗಳನ್ನು ಮುಂದುಮಾಡಿ ನೀರಿಗೆ ಬೀಳುತ್ತದೆ, ಹಿಡಿದ ಮೀನನ್ನು ತಲೆ ಮುಂದಾಗಿ ಒಯ್ಯುತ್ತದೆ, ಇದು ಕಂಡ ಮೇಲೆ ಕಡಲು ತಿಳಿಯಾಯಿತೆಂದು ಲೆಕ್ಕ. ಅದರ ಎದುರಿಗೆ ಸುಂದರವಾದ ಅಕ್ಷರಗಳಲ್ಲಿ 'ಕುರರ' ಎಂದು ಬರೆದು, ಅಮರಕೋಶದ ಸಿಂಹಾದಿವರ್ಗವೆಂದು ಗುರುತುಹಾಕಿದ್ದೆನು.

ಕುರರವೆಂದು ಆ ಮುದುಕನು ಎಂದೂ ಹೇಳಿರಲಾರನು. ಆತನ ಬಾಯಲ್ಲಿ ಅದಕ್ಕೆ ಬೇರೊಂದು ಹೆಸರಿದ್ದಿತು. ಆತನ ತಂದೆಯೂ ಅಜ್ಜನೂ ಗುಡ್ಡದ ಮೇಲಿನಿಂದ ಕೂಗಿ ಹೇಳಿದ ಹೆಸರು. ನಾನು ಅದನ್ನು ಕಿವಿಯಾರೆ ಕೇಳಿದೆನು. ಕೇಳಿ, ಗ್ರಾಮ್ಯವೆಂದು ಬಿಟ್ಟು, ಸಂಸ್ಕೃತದ ಹೆಸರನ್ನು ಬರೆದುಕೊಂಡೆನು. ಪುಟವಾದ ಮೇಲೆ ಪುಟವನ್ನು ತಿರುವಿದೆನು. ಎಲ್ಲೆಲ್ಲಿಯೂ ಕ್ರೌಂಚ, ಬಕ, ಟಿಟ್ಟಿಭ, ಮದ್ಗು. ಆತನ ಮಾತಿನ ಒಂದು ಹೆಸರೂ ಇಲ್ಲ. ಕಲೆಕ್ಟರನು ಲ್ಯಾಟಿನ್ನಿನಲ್ಲಿ ಮಾಡಿದುದನ್ನು ನಾನು ದೇವಭಾಷೆಯಲ್ಲಿ ಮಾಡಿದ್ದೆನು. ಅವನು ಪರದೇಶದವನು, ನನಗೆ ಆ ನೆಪವೂ ಇಲ್ಲ.

ತದಡಿಯ ಆ ಶಿಷ್ಯನಿಗೆ ಹೇಳಿಕಳುಹಿಸಿ ಕೇಳಿದೆನು. "ಅಜ್ಜ ಏನೋ ಹೇಳ್ತಿದ್ದ ಮಾಸ್ತರ್ರೇ, ನೆನಪಾಗೂದಿಲ್ಲ" ಎಂದು ಉತ್ತರ ಬಂದಿತು. ಅಜ್ಜನು ತೀರಿಹೋಗಿ ಬಹಳ ವರ್ಷಗಳಾದುವು. ಹಕ್ಕಿಯು ಇಂದಿಗೂ ಕಾರ್ತಿಕದಲ್ಲಿ ಅಳಿವೆಗೆ ಬರುತ್ತಿದೆ.

ವಾಚಕ ಮಹಾಶಯರಲ್ಲಿ ಅನೇಕರ ಮನೆಗಳಲ್ಲಿ ಕರಾವಳಿಯಿಂದಲೋ ಮಲೆನಾಡಿನಿಂದಲೋ ಬಯಲುಸೀಮೆಯ ಹಳ್ಳಿಗಳಿಂದಲೋ ಬಂದ ಹಿರಿಯರಿರುವರು. ಹಕ್ಕಿ, ಮೀನು, ಗಾಳಿ, ನೀರು ಇವುಗಳಿಗೆ ಅವರು ಏನೆಂದು ಹೇಳುವರೋ ಅದನ್ನು, ಹೇಳಿದಂತೆಯೇ, ಊರಿನ ಹೆಸರನ್ನೂ ತಿಂಗಳನ್ನೂ ಸೇರಿಸಿ ಬರೆದಿಡಬೇಕೆಂದು ನನ್ನ ಪ್ರಾರ್ಥನೆ. ತಿದ್ದುವುದು ಬೇಡ. ಹೇಳಿದವರ ಹೆಸರನ್ನು ಅವರ ಅನುಮತಿಯಿಂದ ಮೊದಲು ಬರೆಯಿರಿ. ಶಾಸನಗಳನ್ನು ಕಲ್ಲು ಕಾಪಾಡುತ್ತದೆ. ಈ ಮಾತುಗಳಿಗೆ ಮನುಷ್ಯನ ನಾಲಗೆಯಲ್ಲದೆ ಬೇರೆ ಆಧಾರವಿಲ್ಲ.

ಈ ವರ್ಷವೂ ಜ್ಞಾನಭಾರತಿಯ ಬಯಲಿಗೆ ಖಂಜನವು ಬಂದಿತು. ಹುಲ್ಲು ಕೊಯ್ಯುತ್ತಿದ್ದ ಒಬ್ಬ ವೃದ್ಧನನ್ನು, "ಅದಕ್ಕೆ ನಿಮ್ಮ ಕಡೆ ಏನೆನ್ನುತ್ತೀರಿ ಯಜಮಾನರೇ?" ಎಂದು ಕೇಳಿದೆನು. ಆತನು ಕುಡುಗೋಲನ್ನು ಕೆಳಗಿಟ್ಟು ನನ್ನನ್ನು ಒಮ್ಮೆ ನೋಡಿ, ತುಸು ಸಂಕೋಚದಿಂದ, "ಕುಂಡೆಕುಸ್ಕ ಅಂತೀವಿ ಸ್ವಾಮಿ" ಎಂದನು. ಬಾಲವಾಡಿಸುವ ಆ ಹಕ್ಕಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನಾವುದಿದ್ದೀತು! ಹಿಂದಿನ ದಿನಗಳಲ್ಲಾಗಿದ್ದರೆ ಆ ಪದವನ್ನು ಬರೆಯಲು ನನ್ನ ಲೇಖನಿಯು ನಾಚುತ್ತಿದ್ದಿತು. ಈ ಸಲ ಅದನ್ನೇ ಮೊದಲು ಬರೆದು, ಖಂಜನವೆಂಬುದನ್ನು ಅದರ ಕೆಳಗೆ ಬರೆದುಕೊಂಡೆನು.